ಪರದಾಮೀಮಾಂಸೆ: ಚಿಕ್ಕಬಳ್ಳಾಪುರ ಸೀಮೆಯ ಸ್ಟುಡಿಯೋ ಶಾಸ್ತ್ರ

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನ, ರೇಷ್ಮೆ, ದ್ರಾಕ್ಷಿಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಬಸ್ ಸ್ಟ್ಯಾಂಡಿನ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ, ಕಿಟಕಿಯಿಲ್ಲದ ಆ ಕೋಣೆಯತ್ತ ಮಾತ್ರ ಯಾರೂ ಕಣ್ಣು ಹಾಯಿಸಿಲ್ಲ. ಆ ಕೊರತೆ ನೀಗಲೆಂದು ಪ್ರಾಚೀನರ ಕ್ರಮದಲ್ಲೇ ಈ ವಿಚಾರ.

ವಿಷಯ: ಸ್ಟುಡಿಯೋ ಪರದೆ. ಶಿಡ್ಲಘಟ್ಟ ರೇಷ್ಮೆಯ ಊರಾದರೂ ಪರದೆ ಮಾತ್ರ ಕೋರಾ ಬಟ್ಟೆಯದೇ. ರೇಷ್ಮೆ ಹೊಳೆಯುತ್ತದೆ, ಹಿಂದಿರುವುದು ಹೊಳೆದರೆ ಮುಂದಿರುವ ಮುಖ ಮಂಕು. ಬಟ್ಟೆಯ ಮೇಲೆ ಪೇಂಟರು ಬರೆದದ್ದು ತುಂಬಿದ ಸರೋವರ, ಒಂಟಿ ಹಂಸ, ಎಲ್ಲಿಗೂ ಮುಟ್ಟದ ಮೆಟ್ಟಿಲು, ಹಗಲಲ್ಲೂ ಮುಳುಗದ ಚಂದ್ರ.

ಸಂಶಯ: 1,478 ಮೀಟರ್ ಎತ್ತರದ ನಂದಿ ಬೆಟ್ಟ ಬೀದಿಗಿಳಿದರೆ ಎದುರಿಗೇ ಇರುವಾಗ, ಬಾಗಿಲು ಹಾಕಿಕೊಂಡು ಕಾಶ್ಮೀರ ತೂಗುಹಾಕುವುದೇಕೆ?

ಪೂರ್ವಪಕ್ಷ: ಮಹಾಪುರುಷರಿಗೆ ಪರದೆಯೇ ಬೇಡ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋದಲ್ಲಿ ಪೇಟ ಎಲ್ಲರಿಗೂ ನೆನಪಿದೆ. ಹಿಂದೆ ಏನಿತ್ತೆಂದು ಹೇಳಿ ನೋಡೋಣ!

ಉತ್ತರ: ಅವರು ಕನ್ನಂಬಾಡಿ ಕಟ್ಟಿದವರು. ಕಟ್ಟದ ನಮ್ಮಂಥವರು ಬಟ್ಟೆಯ ಮೇಲೆ ಬರೆಸಿಕೊಳ್ಳುತ್ತೇವೆ.

ಸಿದ್ಧಾಂತ: ಪರದೆಯೆಂದರೆ ಊರಿನಲ್ಲಿ ಇಲ್ಲದ್ದರ ಪಟ್ಟಿ. ಅರ್ಕಾವತಿ, ಉತ್ತರ ಪಿನಾಕಿನಿ ನಮ್ಮ ಬೆಟ್ಟದ ಸಾಲಿನಲ್ಲೇ ಹುಟ್ಟಿ ನಮಗೇ ಬೆನ್ನು ತೋರಿಸಿದವು. ಆದಕಾರಣ ಪರದೆಯಲ್ಲಿ ನೀರು ಕಡ್ಡಾಯ. ಕೊಳವೆಬಾವಿ ಸಾವಿರ ಅಡಿ ದಾಟಿದ ವರ್ಷವೂ ಸ್ಟುಡಿಯೋದ ಕೆರೆ ಒಂದಂಗುಲ ಇಳಿಯಲಿಲ್ಲ.

ಇನ್ನು ದೀಪಾಧಿಕರಣ. ಕಪ್ಪು ಕೂದಲಿನ ಹಿಂದೆ ಕಪ್ಪು ಪರದೆಯಿದ್ದರೆ ಎರಡೂ ಒಂದಾಗಿ ಮುಖ ಮಾತ್ರ ತೇಲುತ್ತದೆ; ಇದು ಅದ್ವೈತ. ಹಿಂದಿನಿಂದ ಕೂದಲಿನ ಮೇಲೊಂದು ದೀಪ ಬಿಟ್ಟರೆ ಅಂಚು ಮಿಂಚಿ ಭೇದ ಸಿದ್ಧಿಸುತ್ತದೆ, ಇದು ದ್ವೈತ. ಪರದೆಗೆ ಒರಗಿ ನಿಂತವರ ನೆರಳು ಅವರನ್ನು ಬಿಟ್ಟಿರಲಾರದು. ಇದು ವಿಶಿಷ್ಟಾದ್ವೈತ, ನಾಲ್ಕು ಹೆಜ್ಜೆ ಮುಂದೆ ಬಂದರೆ ಪರಿಹಾರ. ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಅರ್ಧಕ್ಕಲ್ಲ, ಕಾಲಿಗೆ ಇಳಿಯುತ್ತದೆ, ಸಾಲ ಪಡೆದ ನೆಂಟನ ಪ್ರೀತಿಯ ಹಾಗೆ. ಜರಿಸೀರೆ ಕಣ್ಣು ಕುಕ್ಕದಿರಲು ಬೆಳಕನ್ನು ಬಿಳಿ ಕೊಡೆಗೆ ಹೊಡೆಸಿ ಮೆತ್ತಗೆ ಮಾಡಬೇಕು. ಚಿಂತಾಮಣಿಯಲ್ಲಿ ಮಳೆಗಾಲಕ್ಕೂ ಬಿಚ್ಚದ ಕೊಡೆ ಸ್ಟುಡಿಯೋದೊಳಗೆ ವರ್ಷವಿಡೀ ಬಿಚ್ಚಿರುವ ರಹಸ್ಯ ಇದೇ.

ಶಾಸ್ತ್ರದ ತುತ್ತತುದಿ ಮೊಗ್ಗಿನ ಜಡೆ. ಜಡೆ ಬೆನ್ನಿಗೆ, ಮುಖ ಮುಂದಕ್ಕೆ. ಕ್ಯಾಮೆರಾಗೆ ಕಣ್ಣು ಒಂದೇ. ಆದ್ದರಿಂದ ಹಿಂದೊಂದು ಆಳೆತ್ತರದ ಕನ್ನಡಿ. ನೇರ ಇಟ್ಟರೆ ಫ್ಲಾಶ್ ಹೋದ ದಾರಿಯಲ್ಲೇ ವಾಪಸು ಬರುತ್ತದೆ, ಓರೆಯಾಗಿಡಬೇಕು. ಗೌರಿಬಿದನೂರಿನಲ್ಲಿ ನಮ್ಮಕ್ಕನನ್ನು ಹಾಗೆ ನಿಲ್ಲಿಸಿ ಫೋಟೋದವರು ಈ ಸೀಮೆಯ ತೆಲುಗು-ಕನ್ನಡ ಮಿಶ್ರಭಾಷೆಯಲ್ಲಿ ಆಜ್ಞಾಪಿಸಿದರು: “ಗದ್ದ ಕಿಂದಿಕಿ, ಕಣ್ಣು ಪೈಕಿ, ಅಂಗೇ ಇರಮ್ಮ.” ಅಕ್ಕ ಅಂಗೇ ಇದ್ದಳು. ತೊಳೆದು ಬಂದ ಫೋಟೋದಲ್ಲಿ ಜಡೆಯ ಒಂದೊಂದು ಮೊಗ್ಗೂ ಎಣಿಸುವ ಹಾಗಿತ್ತು. ಜೊತೆಗೆ ಕನ್ನಡಿಯ ಮೂಲೆಯಲ್ಲಿ, ಅಕ್ಕನ ಚಪ್ಪಲಿ ಹಿಡಿದುಕೊಂಡು ನಿಂತ ಅಮ್ಮ. ಶಾಸ್ತ್ರದ ಪ್ರಕಾರ ಇದು ದೋಷ. ವಯಸ್ಸಿನಲ್ಲಿ ಅಮ್ಮ ಹೇಗಿದ್ದಳೆಂಬುದಕ್ಕೆ ನಮ್ಮ ಮನೆಯಲ್ಲಿರುವ ಸಾಕ್ಷ್ಯ ಅದೊಂದೇ.

ಉಪಸಂಹಾರ: ಕಾಲಕ್ರಮದಲ್ಲಿ ಸರೋವರ ಸುತ್ತಿ ಅಟ್ಟ ಸೇರಿತು. ಪಾಸ್‌ಪೋರ್ಟ್ ಫೋಟೋಕ್ಕೆ ಹಿನ್ನೆಲೆ ಬಿಳಿಯೇ ಆಗಬೇಕೆಂದು ಸರ್ಕಾರ ವಿಧಿಸಿತು. ಪ್ರಜೆಯ ಹಿಂದೆ ಹಂಸವೂ ಇರಕೂಡದು. ಈಗಿನ ಹುಡುಗರಂತೂ ಪರದೆಯನ್ನೇ ಧಿಕ್ಕರಿಸಿ, ನಸುಕಿಗೇ ಬೈಕೇರಿ ನಿಜವಾದ ನಂದಿಗೆ ಹೋಗುತ್ತಾರೆ. ಸಂಶೋಧನೆಗೆಂದು ನಾನೂ ಹೋದೆ. ಬೆಟ್ಟದಂಚಿನಲ್ಲಿ ನಿಂತು, ಇಡೀ ಸೀಮೆ ಬೆನ್ನ ಹಿಂದೆ ಬರುವಂತೆ ಫೋಟೋ ತೆಗೆಸಿಕೊಂಡೆ. ಅವತ್ತು ದಟ್ಟ ಮಂಜು. ಹಿಂದೆ ಬೆಟ್ಟವಿಲ್ಲ, ಊರಿಲ್ಲ, ಅಚ್ಚ ಬಿಳಿ. ಕೆಳಗಿಳಿದು ಸ್ಟುಡಿಯೋದಲ್ಲಿ ತೋರಿಸಿದರೆ, “ಸಾರ್, ಬ್ಯಾಕ್‌ಗ್ರೌಂಡ್ ಕರೆಕ್ಟಾಗಿದೆ, ಪಾಸ್‌ಪೋರ್ಟ್ ಸೈಜಿಗೆ ಎಂಟು ಹಾಕಲಾ?” ಎಂದರು.

ಹಾಕಿಸಿದೆ.