ಬಿಳಿಗೆರೆ ಸೀಮೆಯ ಮದುವೆ ಡಿವಿಡಿಗಳ ಮುಖಲೇಖ ಮೀಮಾಂಸೆ: ಒಂದು ಬಹುಶಿಸ್ತೀಯ ಪೂರ್ವಪೀಠಿಕೆ

ಮುಖಲೇಖವೆಂದರೆ, ವಿದ್ವಾಂಸರಲ್ಲದವರ ಮಾತಿನಲ್ಲಿ, ಡಿವಿಡಿ ಮೇಲಿನ ಲೇಬಲ್ಲು. ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಕಡೆ ಸಂಕಿರಣ ನಡೆದರೆ ಕೊಬ್ಬರಿ ದರ, ನುಸಿಪೀಡೆ ಬಿಟ್ಟು ಮಾತು ಲೇಬಲ್ಲಿನವರೆಗೆ ಹೋಗದು. ಈ ಜ್ಞಾನಶೂನ್ಯವನ್ನು ತುಂಬುವುದೇ ಪ್ರಸ್ತುತ ಅಧ್ಯಯನದ ಉದ್ದೇಶ, ಮಹತ್ವ, ವ್ಯಾಪ್ತಿ ಮತ್ತು ಮಿತಿ. ನಾಲ್ಕಕ್ಕೂ ಒಂದೇ ವಾಕ್ಯ ಸಾಕೆಂದು ಮಾರ್ಗದರ್ಶಕರು ಒಪ್ಪಿದ್ದಾರೆ; ಅವರು ಓದಿಲ್ಲ.

ಪಠ್ಯದ ಭೌತಿಕ ನೆಲೆ: ವ್ಯಾಸ ೧೨೦ ಮಿ.ಮೀ., ದಪ್ಪ ೧.೨ ಮಿ.ಮೀ., ನಡುವೆ ೧೫ ಮಿ.ಮೀ. ತೂತು. ಆಧುನಿಕೋತ್ತರ ಸಂಕಥನದಲ್ಲಿ ಇದು ‘ಕೇಂದ್ರದ ಗೈರುಹಾಜರಿ’. ಸ್ಟುಡಿಯೋದವರಿಗೆ ಬರೀ ತಲೆನೋವು. ಫೋಟೋ ನಡುವಿಗೆ ತಂದರೆ ಮದುಮಗನ ಮೂಗು ಹೋಗುತ್ತದೆ. ಇಬ್ಬರನ್ನೂ ಅಂಚಿಗೆ ಸರಿಸಿದರೆ ‘ಏನಣ್ಣ, ಜಗಳ ಆಡ್ದೋರಂಗೆ ನಿಲ್ಸಿದೀಯ’ ಎಂಬ ಆಕ್ಷೇಪ. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಚಿ||ಸೌ|| ಲಕ್ಷ್ಮಿಯ ಒತ್ತುಗಳೆಲ್ಲ ಕಳಚಿ ಪಕ್ಕಪಕ್ಕದಲ್ಲಿ ಕೂರುತ್ತಿದ್ದವು. ಅದಕ್ಕೇ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿ ತರುವ ಪದ್ಧತಿ. ‘ಲಿಪಿ ವಿಘಟನೆಯ ರಾಜಕಾರಣ’ ಎಂದು ಇಲ್ಲೊಂದು ಅಧ್ಯಾಯ ಬೆಳೆಸಬಹುದಿತ್ತು.

ಮುಖಲೇಖದಲ್ಲಿ ಐದು ಪಂಥಗಳು. ಮೊದಲನೆಯದು ಲೇಖನೀ ಪಂಥ: ಮಾರ್ಕರಿನಲ್ಲಿ ಬರೆಯುವುದು. ಖರ್ಚಿಲ್ಲ, ಅಂದವೂ ಇಲ್ಲ. ಬಾಲ್‌ಪೆನ್ನು ಮಾತ್ರ ತಾಗಿಸಬಾರದು. ಸಿ.ಡಿ.ಯ ದಾಖಲೆ ಪದರ ಇರುವುದೇ ಲೇಬಲ್ ಬದಿಯ ತೆಳು ಲೇಪದ ಕೆಳಗೆ, ಗೀರಿದರೆ ಹೋಯಿತು. ಡಿವಿಡಿಯಲ್ಲಿ ಅದು ತಲಾ ೦.೬ ಮಿ.ಮೀ.ನ ಎರಡು ಪಾಲಿಕಾರ್ಬೊನೇಟ್ ಬಿಲ್ಲೆಗಳ ನಡುವೆ ಅಡಗಿರುವುದರಿಂದ ಸ್ವಲ್ಪ ಕ್ಷೇಮ.

ಎರಡನೆಯದು ಅಂಟುವಾದ. ಗುಂಡಗೆ ಕತ್ತರಿಸಿದ ಸ್ಟಿಕರ್ ಹಾಳೆಗೆ ಪ್ರಿಂಟು ಹೊಡೆದು ಅಂಗೈಯಲ್ಲಿ ಸವರಿದರೆ ಕಂಪನಿ ಮಾಲಿನ ಕಳೆ ಬರುತ್ತದೆ. ತುಸು ಓರೆಯಾದರೂ ತೂಕ ತಪ್ಪಿ ಬಿಲ್ಲೆ ಪ್ಲೇಯರಿನೊಳಗೆ ಅದುರುತ್ತದೆ. ಬಿಸಿಗೆ ಅಂಚು ಎದ್ದು ಅಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಧಾರೆಯ ಹೊತ್ತಿಗೆ ಸರಿಯಾಗಿ ಪುರೋಹಿತರು ಚೌಕಚೌಕವಾಗಿ ಒಡೆದು ನಿಂತುಬಿಡುತ್ತಾರೆ.

ಮೂರನೆಯ ಶ್ವೇತಮುಖಿ ಪಂಥವೇ ಗಿರಾಕಿಗೂ ಸ್ಟುಡಿಯೋಗೂ ಒಗ್ಗಿದ್ದು. ಬಿಳಿ ಲೇಪದ ಡಿವಿಡಿಯನ್ನು ಎಪ್ಸನ್ ಎಲ್೮೦೫ನಂಥ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರಿನ ಟ್ರೇಯಲ್ಲಿಟ್ಟು ನೇರವಾಗಿ ಮುದ್ರಿಸುವುದು. ಅಗ್ಗ, ಅಂದ ಎರಡೂ. ಒದ್ದೆ ಕೈ ತಾಗಿದರೆ ಸಾಮಾನ್ಯ ಲೇಪದ ಮೇಲೆ ಮದುಮಗಳ ಸೀರೆ ಬಣ್ಣ ಮದುಮಗನ ಪಂಚೆಗಿಳಿಯುತ್ತದೆ, ಅಷ್ಟೆ. ನಾಲ್ಕನೆಯದು ೨೦೦೪ರಲ್ಲಿ ಎಚ್.ಪಿ. ಪ್ರಕಟಿಸಿದ ಲೈಟ್‌ಸ್ಕ್ರೈಬ್. ಬಿಲ್ಲೆ ಮಗುಚಿಟ್ಟರೆ ಲೇಸರೇ ಚಿತ್ರ ಕೆತ್ತುತ್ತಿತ್ತು, ಒಂದೇ ಬಣ್ಣದಲ್ಲಿ. ಐದನೆಯದನ್ನು ಕೈಬಿಡಲಾಗಿದೆ. ವರ್ಗೀಕರಣದಿಂದ ಯಾರ ಬಿಲ್ಲೂ ಪಾವತಿಯಾಗುವುದಿಲ್ಲ.

ಬಿಲ್ಲಿನ ಮಾತು ಬಂತಲ್ಲ. ಛತ್ರಕ್ಕೆ, ಸ್ಟೇಜಿನ ಹೂವಿಗೆ ಕೇಳಿದಷ್ಟು ಎಣಿಸಿ ಕೊಡುವವರು ರಾತ್ರಿಯಿಡೀ ಕೂತು ಎಡಿಟ್ ಮಾಡಿದವನ ಮುಂದೆ ‘ಡಿವಿಡಿ ಇಪ್ಪತ್ತು ರೂಪಾಯಿ ಮಾಲು ಕಣಪ್ಪ’ ಎನ್ನುತ್ತಾರೆ. ಬಾಕಿಗೆ ‘ಕೊಬ್ಬರಿ ಹಾಕ್ಲಿ, ಕೊಡ್ತೀನಿ’. ಕೊಬ್ಬರಿ ಹಾಕುತ್ತಾರೆ. ಕೊಡುವುದಿಲ್ಲ. ಯು.ಜಿ.ಸಿ.ಯ ೨೦೦೯ರ ನಿಯಮಾವಳಿ ಪಿಎಚ್.ಡಿ. ಪ್ರಬಂಧದ ಸಾಫ್ಟ್ ಕಾಪಿ ಕೇಳಿದ ಮೇಲೆ ಸಂಶೋಧಕರೂ ಬಿಲ್ಲೆ ಹಿಡಿದು ಬಂದು ಸ್ಟುಡಿಯೋದ ಗಿರಾಕಿಗಳಾದರು. ಲಾಂಛನ ದೊಡ್ಡದಿರಬೇಕು, ಮಾರ್ಗದರ್ಶಕರ ಹೆಸರು ಅದಕ್ಕಿಂತ ದೊಡ್ಡದು, ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ತೂತಿನ ಸುತ್ತ ಬಾಗಿ ಬರಬೇಕು. ಒಳಗಿನ ಫೈಲು ತೆರೆಯುತ್ತದೆಯೇ ಎಂದು ನೋಡಲು ಯಾರಿಗೂ ಪುರಸೊತ್ತಿಲ್ಲ. ಊರವರಿಗೆ ಅರ್ಥವಾಗದಂತೆ ಊರಿನ ಬಗ್ಗೆ ಬರೆಯುವವರಿಗೆ ಲೇಬಲ್ಲೇ ಸಾಕು.

ಸ್ಟುಡಿಯೋದಲ್ಲಿ ಬರೆದ ಡಿವಿಡಿಯಲ್ಲಿ ಮದುವೆ ಉಳಿದಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ ಅದಕ್ಕೆ ಆಗದು. ಉಂಡೆ ಕೊಬ್ಬರಿ ಹತ್ತು ಹನ್ನೊಂದು ತಿಂಗಳು ಕೂತು ಹದವಾಗುವ ಅಟ್ಟದಲ್ಲೇ ಬಿಲ್ಲೆ ಕೆಡುತ್ತದೆ. ದೇಶದಲ್ಲೇ ದೊಡ್ಡದಾಗಿ ಬಿಲ್ಲೆ ತಯಾರಿಸುತ್ತಿದ್ದ ಮೋಸರ್ ಬೇರ್ ೨೦೧೮ರಲ್ಲಿ ಸಮಾಪನೆಗೆ ಹೋಯಿತು; ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆ ಹಾಕುವ ಜಾಗವೇ ಇಲ್ಲ. ಷೋಕೇಸಿನಲ್ಲಿ ಮುಖಲೇಖ ಮಾತ್ರ ಹೊಳೆಯುತ್ತಿರುತ್ತದೆ. ಒಳಗೆ ಸೋಬಾನೆ ಹೇಳಿದ ಅಜ್ಜಿ ಇಲ್ಲ. ಅಜ್ಜಿ ಈಗ ಮನೆಯಲ್ಲೂ ಇಲ್ಲ, ಆ ಪದ ಸೊಸೆಯರಿಗೆ ಬರುವುದಿಲ್ಲ. ಇದಕ್ಕೆ ಯಾವ ಪರಿಭಾಷೆಯೂ ಬೇಡ.

ಮನೆಯಲ್ಲಿ ಮದುವೆ ಡಿವಿಡಿ ಇದ್ದವರು ಈ ವಾರವೇ ಒಯ್ದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಸಿಕೊಳ್ಳಿ. ಸ್ಟಿಕರ್ ಎದ್ದಿದ್ದರೂ ಕೀಳಬೇಡಿ, ಹಾಗೇ ಕೊಡಿ. ಸ್ಟುಡಿಯೋಗೆ ಹೇಗೂ ಹೋಗಿರುತ್ತೀರಿ, ಹಳೇ ಬಾಕಿಯನ್ನೂ ತೀರಿಸಿ ಬನ್ನಿ.