ಬೀಗದ ತೂತಿನ ಮನೆ

ನಿವೃತ್ತರಾದ ಮೇಲೆ ನಮ್ಮನೆಯವರಿಗೆ ಲೋಕದ ಮೇಲೆ ಇದ್ದಕ್ಕಿದ್ದಂತೆ ಕನಿಕರ ಹುಟ್ಟಿತು. ಮೊದಲು ನಲ್ಲಿ ನೀರಿನ ಮೇಲೆ, ಆಮೇಲೆ ಹಸಿಕಸ ಒಣಕಸದ ಮೇಲೆ. ಮಾರ್ಚ್ ಬರುವ ಹೊತ್ತಿಗೆ ಅದು ಗುಬ್ಬಿಗಳ ಕಡೆ ತಿರುಗಿತು. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸುತ್ತಾರಂತೆ. ಪೇಪರಿನಲ್ಲಿ ಅದನ್ನೋದಿ, “ಮೈಸೂರಿನ ಗುಬ್ಬಿಗಳೆಲ್ಲ ಎಲ್ಲಿ ಹೋದವು?” ಎಂದು ನನ್ನನ್ನು ಕೇಳಿದರು, ನಾನೇ ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೇನೋ ಎಂಬಂತೆ. ಹೆಂಚಿನ ಸಂದು, ಫೋಟೊ ಚೌಕಟ್ಟಿನ ಹಿಂಬದಿ, ಮೀಟರ್ ಬೋರ್ಡಿನ ನೆತ್ತಿ, ಹೀಗೆ ಗುಬ್ಬಿಗಿದ್ದ ವಿಳಾಸಗಳನ್ನೆಲ್ಲ ಆರ್‌ಸಿಸಿ ಹಾಕಿಸಿ ಅಳಿಸಿದ್ದು ಇವರೇ. ಹೇಳಲು ಹೋಗಲಿಲ್ಲ. ಕಾಫಿ ಆರುತ್ತಿತ್ತು.

ಪರಿಹಾರವಾಗಿ ಒಂದು ಮರದ ಪೆಟ್ಟಿಗೆ ಮಾಡಿಸುವುದೆಂದಾಯಿತು. ಬಡಗಿಗೆ ಇವರು ಚೀಟಿ ಬರೆದುಕೊಟ್ಟರು: ತೂತು 32 ಮಿಲಿಮೀಟರ್, ಗುಬ್ಬಿ ನುಗ್ಗಬೇಕು, ಗೊರವಂಕ ನುಗ್ಗಬಾರದು. ಬಡಗಿ ಚೀಟಿಯನ್ನು ಗೌರವದಿಂದ ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೋದವನು ಎರಡು ಇಂಚಿನ ತೂತು ಕೊರೆದು ತಂದ. “ನನ್ ಹತ್ರ ಇರೋದು ಬಾಗಿಲಿಗೆ ಬೀಗ ಕೂರ್ಸೋ ಬಿಟ್ಟು ಸಾರ್. ತೂತು ದೊಡ್ದಾದ್ರೆ ಗುಬ್ಬಿ ಬ್ಯಾಡ ಅಂತದಾ?” ಇದಕ್ಕೆ ಉತ್ತರವಿರಲಿಲ್ಲ. ಅಂದಕ್ಕೆಂದು ತೂತಿನ ಕೆಳಗೆ ಒಂದು ಕಡ್ಡಿಯನ್ನೂ ನೆಟ್ಟಿದ್ದ. ಪೊಟರೆಯಲ್ಲಿ ಬಾಳುವ ಹಕ್ಕಿಗೆ ಮೆಟ್ಟಿಲು ಬೇಕಿಲ್ಲ, ಅದು ಕಾಗೆಗೆ ಹಾಕಿಕೊಟ್ಟ ಕುರ್ಚಿ ಎಂದು ಇವರು ಇಕ್ಕಳ ತಂದು ಅದನ್ನು ಕಿತ್ತರು. ಬಡಗಿ ನೊಂದುಕೊಂಡ, ಕಡ್ಡಿಯ ದುಡ್ಡನ್ನು ಮಾತ್ರ ಬಿಡಲಿಲ್ಲ. ಮುಂಗಾರಿನ ಎರಚಲು ನೈಋತ್ಯದಿಂದ ಬರುತ್ತದೆಂದು ಪೆಟ್ಟಿಗೆಯ ಬಾಯನ್ನು ಪೂರ್ವಕ್ಕೆ ಮಾಡಿ ಸೀಬೆ ಮರಕ್ಕೆ ಕಟ್ಟಿದ್ದಾಯಿತು. ಪೂರ್ವದ ಬಾಗಿಲು ಶ್ರೇಷ್ಠವೆಂದು ನಮ್ಮತ್ತೆ ತೃಪ್ತರಾದರು.

ಗುಬ್ಬಿ ಬರಲಿಲ್ಲ. ಬಂದದ್ದು ಮಡಿವಾಳ ಹಕ್ಕಿ. ತಲೆ, ಎದೆ, ಬೆನ್ನು ಮಿರಿಮಿರಿ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಗೆ ಎಳೆದ ಬಿಳಿ ಪಟ್ಟೆ, ಸದಾ ಮೇಲಕ್ಕೆತ್ತಿದ ಬಾಲ. ಅದು ಗಂಡು. ಹೆಣ್ಣಿಗೆ ಕಪ್ಪಿರಬೇಕಾದ ಕಡೆಯೆಲ್ಲ ಬೂದು. ಸೂರ್ಯ ಏಳುವ ಮೊದಲೇ ಎದುರುಮನೆಯ ಟ್ಯಾಂಕಿನ ಮೇಲೆ ಕೂತು ಗಂಡು ಹಾಡತೊಡಗಿದರೆ ದೇವಸ್ಥಾನದ ಮೈಕಿನ ಸುಪ್ರಭಾತ ಎರಡನೆಯ ಐಟಂ ಆಗಿಬಿಡುತ್ತಿತ್ತು. ನಮ್ಮನೆಯವರು ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹಿಡಿದು ಕೂತರು. 1941ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ನಮ್ಮ ಮನೆಯಲ್ಲಿ ಬಹುಕಾಲ ಇಸ್ತ್ರಿ ಮೇಜಿನ ಕಾಲಿಗೆ ಒತ್ತಾಗಿತ್ತು. ಇದು ಬಾಂಗ್ಲಾದೇಶದ ರಾಷ್ಟ್ರಪಕ್ಷಿ, ಅಲ್ಲಿಯ ಹಳೆಯ ಎರಡು ಟಾಕಾ ನೋಟಿನ ಮೇಲೆ ಇದರ ಚಿತ್ರವಿತ್ತು ಎಂಬ ಸಂಗತಿಯನ್ನು ಮಾತ್ರ ಬೇರೆಲ್ಲಿಂದಲೋ ಹುಡುಕಿ ತಂದರು. “ನೋಟಿನ ಮೇಲಿರೋ ಹಕ್ಕಿ ನಮ್ಮನೆಗೆ ಬಂದಿದೆ ಅಂದ್ರೆ ಲಕ್ಷ್ಮಿ ಬಂದ ಹಾಗೇ” ಎಂದರು ಅತ್ತೆ. ಎರಡೇ ಟಾಕಾ ಎಂದು ನಾನು ನೆನಪಿಸಿದ್ದು ಅವರಿಗೆ ಹಿಡಿಸಲಿಲ್ಲ.

ಮನೆ ನೋಡುವ ಶಾಸ್ತ್ರವನ್ನು ಅಡುಗೆಮನೆ ಕಿಟಕಿಯಿಂದ ಕಂಡೆ. ಹೆಣ್ಣು ಹಕ್ಕಿ ಪೆಟ್ಟಿಗೆಯ ಅಂಚಿಗೆ ಉಗುರೂರಿ ನೇತುಬಿದ್ದು ಕತ್ತನ್ನಷ್ಟೇ ಒಳಗೆ ಹಾಕಿತು. ತೆಗೆಯಿತು. ಎಡಕ್ಕೆ ನೋಡಿತು, ನನ್ನ ಕಡೆ ನೋಡಿತು, ಮತ್ತೆ ಹಾಕಿತು. ಕೊನೆಗೆ ಪೂರ್ತಿ ಒಳಗೆ ಹೋಯಿತು. ಅಷ್ಟೂ ಹೊತ್ತು ಕೊಂಬೆಯ ಮೇಲೆ ಎದೆಯುಬ್ಬಿಸಿ ಹಾಡುತ್ತಿದ್ದ ಗಂಡು ತಟ್ಟನೆ ಬಾಯಿ ಮುಚ್ಚಿತು. ಒಲೆಯ ಮೇಲೆ ಸಾರು ಉಕ್ಕಿತು. ಹೆಣ್ಣು ಹೊರಬಂದು, ಕೊಕ್ಕನ್ನು ಕೊಂಬೆಗೆ ಆಚೆ ಈಚೆ ಉಜ್ಜಿ, ಒಂದು ಮಾತೂ ಆಡದೆ ಹಾರಿತು. ಗಂಡು ಹಿಂದೆಯೇ ಓಡಿತು.

ಮಾರನೆಯ ದಿನದಿಂದ ನಮ್ಮ ನಾರು ಕಾಣೆಯಾಗತೊಡಗಿತು. ಅತ್ತೆ ಇವತ್ತಿಗೂ ದೇವರ ಹಿತ್ತಾಳೆ ಪಾತ್ರೆಗಳನ್ನು ತೆಂಗಿನ ನಾರು, ಹುಣಸೆಹಣ್ಣಿನಲ್ಲೇ ತಿಕ್ಕುವವರು. ಹೆಣ್ಣು ಹಕ್ಕಿ ಒಗೆಯುವ ಕಲ್ಲಿನ ಮೇಲೆ ಇಳಿದು, ಹುಣಸೆ ಮೆತ್ತಿದ ನಾರನ್ನು ಮುಟ್ಟದೆ ಒಣಗಿದ್ದನ್ನೇ ಎಳೆಯೆಳೆಯಾಗಿ ಬಿಡಿಸಿ ಒಯ್ಯುತ್ತಿತ್ತು. ಗೂಡು ಕಟ್ಟುವುದು ಹೆಚ್ಚಾಗಿ ಹೆಣ್ಣೇ, ಕಾವು ಕೂರುವುದೂ ಅದೇ. ಗಂಡಿನದು ಗಾಯನ ಮತ್ತು ಗಡಿ ಕಾಯುವ ಇಲಾಖೆ.

ಗಡಿ ಕಾಯುವುದನ್ನು ಅದು ಎಷ್ಟು ಮನಸ್ಸಿಟ್ಟು ಮಾಡಿತೆಂದರೆ, ನಮ್ಮನೆಯವರ ಸ್ಕೂಟರಿನ ಕನ್ನಡಿಯಲ್ಲಿ ಕಂಡ ತನ್ನ ಬಿಂಬವನ್ನೇ ವೈರಿಯೆಂದು ಬಗೆದು ಬೆಳಗಿನಿಂದ ಬೈಗಿನವರೆಗೆ ಕುಕ್ಕಿತು. ಎಡಗನ್ನಡಿಯ ವೈರಿಯನ್ನು ಓಡಿಸಿ ಸುಸ್ತಾಗಿ ಬಲಕ್ಕೆ ಹಾರಿದರೆ ಅಲ್ಲೊಬ್ಬ. ಸೀಟಿನ ಮೇಲೆಲ್ಲ ಯುದ್ಧದ ಗುರುತು. ಇವರು ಎರಡೂ ಕನ್ನಡಿಗೆ ತಮ್ಮ ಹಳೆಯ ಕಾಲುಚೀಲ ತೊಡಿಸಿದರು. ಸಮಾಧಾನವಾಯಿತು, ಹಕ್ಕಿಗೆ. ಇವರು ಅದನ್ನು ಬಿಚ್ಚಲು ಮರೆತು ಮಾರ್ಕೆಟ್ಟಿಗೆ ಹೋದಾಗ ಪೊಲೀಸಿನವರು ಅಡ್ಡಗಟ್ಟಿದರು. “ಮನೇಲಿ ಹಕ್ಕಿ ಮೊಟ್ಟೆ ಇಟ್ಟಿದೆ” ಎಂಬ ವಿವರಣೆ ಕೇಳಿದ ಆ ಮನುಷ್ಯ ಇವರ ಮುಖವನ್ನೊಮ್ಮೆ, ಕಾಲುಚೀಲವನ್ನೊಮ್ಮೆ ನೋಡಿ, “ಹುಷಾರಾಗಿ ಮನೆ ಸೇರ್ಕೊಳಿ ಯಜಮಾನ್ರೇ” ಎಂದು ಬಿಟ್ಟುಕಳಿಸಿದರಂತೆ.

ಮನೆಯೊಳಗೆ ಅತ್ತೆಯ ಆಡಳಿತ ಜಾರಿಗೆ ಬಂತು. ಬಾಣಂತಿ ಇರುವ ಮನೆ, ಮೆತ್ತಗೆ ಮಾತಾಡಿ. ಸೀಬೆ ಮರದ ಪಕ್ಕದ ಬಟ್ಟೆ ತಂತಿ ಟೆರೇಸಿಗೆ ಹೋಯಿತು, ಜೊತೆಗೆ ದಿನಾ ಬಕೆಟ್ ಹೊತ್ತು ನಾನೂ ಹೋದೆ. ಮಿಕ್ಸಿ ಹಾಕಬೇಕಾದರೆ ಹಿತ್ತಲ ಬಾಗಿಲು ಮುಚ್ಚಬೇಕು. ಹಕ್ಕಿ ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆ ಇಟ್ಟು ಎರಡು ವಾರದೊಳಗೆ ಮರಿ ಮಾಡುತ್ತದೆಂದು ಇವರು ಹೇಳಿದ್ದೇ ತಡ, ಅತ್ತೆ ಪಂಚಾಂಗ ತೆರೆದು ನಕ್ಷತ್ರ ನೋಡತೊಡಗಿದರು. ನನ್ನ ಬಾಣಂತನದಲ್ಲಿ ಇದೇ ಮನೆಯಲ್ಲಿ ನೆಂಟರು ರಾತ್ರಿ ಹನ್ನೊಂದರವರೆಗೆ ಇಸ್ಪೀಟು ಆಡಿದ್ದರು. ಇರಲಿ. ಪಕ್ಕದ ಮನೆಯ ಹಿರಿಯರು ಕಾಂಪೌಂಡಿನ ಮೇಲಿಂದ ಬಗ್ಗಿ, ಹಿಂದೆಲ್ಲ ಇದನ್ನು ಹಾಡಿಗೂ ಕಾಳಗಕ್ಕೂ ಪಂಜರದಲ್ಲಿ ಸಾಕುತ್ತಿದ್ದರು, ನೀವೂ ಒಂದು ಪಂಜರ ತನ್ನಿ ಎಂದರು. ಸಾಕುತ್ತಿದ್ದುದು ನಿಜ, ಈಗ ಕಾನೂನು ಒಪ್ಪುವುದಿಲ್ಲ. ಅತ್ತೆಯಂತೂ ಒಪ್ಪುವ ಮಾತೇ ಇರಲಿಲ್ಲ. ಹಿರಿಯರಿಗೆ ಆ ಸಲದ ಮಾವಿನಕಾಯಿ ಉಪ್ಪಿನಕಾಯಿ ತಪ್ಪಿತು.

ಮರಿಯಾದದ್ದು ಸದ್ದಿನಿಂದಲೇ ತಿಳಿಯಿತು. ಈಗ ಗಂಡೂ ದುಡಿಯತೊಡಗಿತು. ಹಾಡು ನಿಂತು ಹುಳು ಶುರುವಾಯಿತು. ಕಂಬಳಿಹುಳು, ಜಿರಲೆ, ಎರೆಹುಳು. ಒಂದು ಬೆಳಿಗ್ಗೆ ಕೊಕ್ಕಿನಲ್ಲಿ ಹಲ್ಲಿಮರಿ. ಹಲ್ಲಿ ಲೊಚಗುಟ್ಟಿದರೆ ದಿಕ್ಕು ನೋಡಿ ಫಲ ಹೇಳುವ ಅತ್ತೆಯ ಮುಂದೆಯೇ ಅದನ್ನು ಕಾಂಪೌಂಡಿಗೆ ಬಡಿದು ಮೆತ್ತಗೆ ಮಾಡಿ ಒಳಗೆ ಒಯ್ದಿತು. ಇದರ ಫಲ ಯಾವ ಪಂಚಾಂಗದಲ್ಲೂ ಇರಲಿಲ್ಲ.

ಒಳಹೋದ ಗಂಡು ಹೊರಬರುವಾಗ ಕೊಕ್ಕಿನಲ್ಲಿ ಬೆಳ್ಳಗಿನದೇನೋ ಇರುತ್ತಿತ್ತು. ಮೊಟ್ಟೆ ಕದ್ದು ಸಾಗಿಸುತ್ತಿದೆಯೆಂದು ಅತ್ತೆ ಗಾಬರಿಯಾದರು. ಮರಿಗಳ ಹಿಕ್ಕೆ ತೆಳ್ಳನೆಯ ಬಿಳಿ ಪೊರೆಯಲ್ಲಿ ಪೊಟ್ಟಣವಾಗಿಯೇ ಬೀಳುತ್ತದೆ, ಗೂಡು ಗಲೀಜಾಗದಂತೆ ಅಪ್ಪ ಅಮ್ಮ ಇಬ್ಬರೂ ಅದನ್ನು ಕಚ್ಚಿಕೊಂಡು ದೂರ ಎಸೆದು ಬರುತ್ತಾರೆ ಎಂದು ನಮ್ಮನೆಯವರು ಪುಸ್ತಕದ ಧಾಟಿಯಲ್ಲಿ ವಿವರಿಸಿದರು. ಅತ್ತೆ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಗಂಡೂ ಎಸೆಯತ್ತೇನೋ?” “ಹೂಂ, ಅದೂ.” “ನೋಡೋ,” ಎಂದರು. ಮದುವೆಯಾದಾಗಿನಿಂದ ಅತ್ತೆ ನನ್ನ ಪರವಾಗಿ ಆಡಿದ ಅತಿ ಉದ್ದನೆಯ ಭಾಷಣ ಅದು.

ಮರಿಗಳು ಹಾರಿದ್ದು ನಾವೆಲ್ಲ ಒಂದು ಮುಂಜಿಗೆ ಹೋಗಿದ್ದ ದಿನ. ಬಂದು ನೋಡಿದರೆ ಮೋಟುಬಾಲದ ಎರಡು ಮರಿ ದಾಸವಾಳದ ಪೊದೆಯಲ್ಲಿ ಅರಚುತ್ತಿದ್ದವು, ಉಳಿದವು ಪಕ್ಕದ ಮನೆಯ ಹಿರಿಯರ ಕರಿಬೇವಿನ ಗಿಡಕ್ಕೆ ಪಕ್ಷಾಂತರ ಮಾಡಿದ್ದವು. ಹಿರಿಯರು ಅದನ್ನು ಬಹಳ ದಿನ ಹೇಳಿಕೊಂಡು ತಿರುಗಿದರು.

ಹಳೆಯ ಗೂಡಿನಲ್ಲಿ ಹೇನು, ಉಣ್ಣಿ ಉಳಿಯುವುದರಿಂದ ಹಂಗಾಮು ಮುಗಿದ ಮೇಲೆ ಪೆಟ್ಟಿಗೆ ತೊಳೆದಿಡಬೇಕಂತೆ. ಇವರು ಮುಚ್ಚಳ ತೆಗೆದು ಗೂಡನ್ನು ಹಳೆಯ ಪೇಪರಿನ ಮೇಲೆ ಸುರಿದರು. ನಾವು ಮೂವರೂ ಸುತ್ತ ಕುಕ್ಕರಗಾಲಿನಲ್ಲಿ ಕೂತೆವು. ದೇವರ ಪಾತ್ರೆಯ ನಾರು, ಗರಿಕೆಯ ಬೇರು, ಪೊರಕೆ ಕಡ್ಡಿ, ಒಂದಿಷ್ಟು ಹೂ ಕಟ್ಟುವ ದಾರ. ನಡುವೆ ಬಟ್ಟಲಿನಾಕಾರಕ್ಕೆ ನುಣುಪಾಗಿ ಸುತ್ತಿದ ಕೂದಲು, ಮುಕ್ಕಾಲು ಪಾಲು ಬಿಳಿ.

“ಪಾಪ, ನಿನಗೆ ಇಷ್ಟೊಂದು ನರೆತಿದೆ ಅಂತ ಗೊತ್ತೇ ಇರಲಿಲ್ಲ,” ಎಂದರು ಅತ್ತೆ, ಮೆಹೆಂದಿ ಹಚ್ಚಿದ ತಮ್ಮ ತಲೆ ಸವರಿಕೊಂಡು. ನಾನು ಬಾಚಿದ ಕೂದಲನ್ನು ಡಸ್ಟ್‌ಬಿನ್ನಿಗೇ ಹಾಕುವವಳು, ಹಿತ್ತಲಿಗೆ ಎಸೆಯುವವರು ಬೇರೆ ಎಂದೆ. ತೀರ್ಪಿಗಾಗಿ ಇಬ್ಬರೂ ನಮ್ಮನೆಯವರ ಕಡೆ ತಿರುಗಿದೆವು. ಅವರು ತಮ್ಮ ಬೋಳುತಲೆ ಬಗ್ಗಿಸಿಕೊಂಡು ಪೆಟ್ಟಿಗೆಯನ್ನು ಎರಡನೆಯ ಸಲ ತೊಳೆಯತೊಡಗಿದರು.