ಚಂದ್ರನ ಬಣವಿ: ಒಂದು ಡೊಂಬಿವಲಿ ಮೀಮಾಂಸೆ

ಗ್ರಹಣದ ಚಂದ್ರನ ಹತ್ತಾರು ಫೋಟೋ ತೆಗೆದು, ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡುವುದಕ್ಕೆ ಲೋಕವು ಸ್ಟ್ಯಾಕಿಂಗ್ ಎನ್ನುತ್ತದೆ. ಪ್ರಕೃತ ಲೇಖಕನು ಇದನ್ನು ಒಪ್ಪುವುದಿಲ್ಲ. ಧಾರವಾಡದ ಕಡೆ ಸುಗ್ಗಿ ಮುಗಿದ ಮೇಲೆ ಕಣಿಕಿ ಬಣವಿ ಒಟ್ಟುತ್ತಾರಲ್ಲ, ಅದೇ ಇದು. ಇಂಗ್ಲಿಷಿನ ಸ್ಟ್ಯಾಕ್ ಶಬ್ದದ ಮೂಲವೂ ಹುಲ್ಲಿನ ಬಣವಿಯೇ ಎಂದು ಆಮೇಲೆ ತಿಳಿದು ಲೇಖಕನಿಗೆ ತುಸು ಬೇಸರವಾಯಿತು. ಸ್ವಂತ ಶೋಧ ಅಂದುಕೊಂಡಿದ್ದ.

ವಿಷಯದ ಪ್ರಾಚೀನತೆ ನಿರ್ವಿವಾದ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಆರ್ಯಭಟ 499ರಲ್ಲೇ ಹೇಳಿಯಾಗಿದೆ. ಕನ್ನಡ ಶಾಸನಗಳಲ್ಲಿ ಸೋಮಗ್ರಹಣದಂದು ಭೂದಾನ ಮಾಡಿದವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ಫೋಟೋ ತೆಗೆದವರು ಒಬ್ಬರೂ ಇಲ್ಲ. ಈ ಕೊರತೆಯನ್ನು 2025ರ ಸೆಪ್ಟೆಂಬರ್ 7ರ ರವಿವಾರ ರಾತ್ರಿ, ಡೊಂಬಿವಲಿ ಪೂರ್ವದ ಐದು ಮಾಳಿಗೆಯ ಕಟ್ಟಡವೊಂದರ ಗಚ್ಚಿಯ ಮೇಲೆ ತುಂಬಲಾಯಿತು.

ಸ್ಪರ್ಶ ರಾತ್ರಿ 9:57ಕ್ಕೆ. ಚಂದ್ರಗ್ರಹಣಕ್ಕೆ ಮೂರು ಯಾಮ ಮುಂಚೆ ವೇಧ ಹಿಡಿಯುತ್ತದಾದ್ದರಿಂದ ಅವ್ವ ಮಧ್ಯಾಹ್ನ ಒಂದರೊಳಗೆ ಅಡಿಗೆಮನೆ ಬಂದ್ ಮಾಡಿ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟಾಗಿತ್ತು. ಪೂರ್ವಪಕ್ಷವನ್ನು ಮಂಡಿಸಿದವಳೂ ಅವಳೇ: “ಅಲ್ಲೋ, ಇರೋ ಒಬ್ಬ ಚಂದ್ರಗ ಅರವತ್ನಾಕ ಫೋಟೋ ಯಾಕಬೇಕು? ಒಂದ ನೆಟ್ಟಗ ತಗೀಲಿಕ್ಕೆ ಬರಂಗಿಲ್ಲೇನು?”

ಇದಕ್ಕೆ ಸಮಾಧಾನ. ಕತ್ತಲಲ್ಲಿ ಕ್ಯಾಮೆರಾ ಚಿತ್ರಕ್ಕೆ ತನ್ನ ಕಡೆಯಿಂದ ಒಂದು ಹಿಡಿ ರವೆ ಉದುರಿಸುತ್ತದೆ. ರವೆ ಪ್ರತಿ ಫೋಟೋದಲ್ಲೂ ಬೇರೆಬೇರೆ ಕಡೆ ಬೀಳುತ್ತದೆ. ಚಂದ್ರನ ಕಲೆ ಮಾತ್ರ ಚಂದ್ರನ ಮೇಲೇ ಇರುತ್ತದೆ. ಎಲ್ಲವನ್ನೂ ಒಟ್ಟಿ ಸರಾಸರಿ ತೆಗೆದರೆ ರವೆ ಕರಗುತ್ತದೆ, ಅದೂ ವರ್ಗಮೂಲದ ಲೆಕ್ಕದಲ್ಲಿ: ನಾಲ್ಕು ಫೋಟೋಕ್ಕೆ ಅರ್ಧ, 64ಕ್ಕೆ ಎಂಟನೆಯ ಒಂದು ಪಾಲು. ಒಬ್ಬರು ನಿಲ್ಲುವ ಜಾಗದಲ್ಲಿ 64 ಮಂದಿ ಹಿಡಿಸುತ್ತಾರೆಂಬುದಕ್ಕೆ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರಿಗೆ ಬೇರೆ ಪ್ರಮಾಣ ಬೇಕಿಲ್ಲ.

ಖಗ್ರಾಸ 11ರಿಂದ 12:22ರವರೆಗೆ. ಗ್ರಹಣದ ಬಣ್ಣಕ್ಕೆ ಫ್ರಾನ್ಸಿನ ಆಂದ್ರೆ ದಾಂಜೋ ಎಂಬಾತ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ಮಾಡಿದ್ದಾನೆ. ಇಟ್ಟಂಗಿ ಕೆಂಪಿಗೆ ಮೂರು. ನಮ್ಮ ಚಂದ್ರನಿಗೆ ಅಂಕ ಕೊಡಬೇಕೆನ್ನುವಷ್ಟರಲ್ಲಿ ಮೋಡ ಬರುತ್ತಿತ್ತು. ಮೋಡದ ಸಂದಿಯಲ್ಲಿ, ಮೆಟ್ಟಿಲುಕೋಣೆಯ ಮೇಲಿನ ನೀರಿನ ಟಾಕಿಯ ಪಕ್ಕದಲ್ಲಿ ಚಂದ್ರ ಇಣುಕಿದಾಗಲೆಲ್ಲ, ಎರಡೆರಡು ಸೆಕೆಂಡಿನಂತೆ 64 ಫೋಟೋ ಆದವು.

ಇಲ್ಲಿ ಒಂದು ಸೂಕ್ಷ್ಮ. ಭೂಮಿ ತಿರುಗುವುದರಿಂದ ಆಕಾಶದಲ್ಲಿ ಚಂದ್ರ ಸುಮಾರು ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಬಣವಿ ಒಟ್ಟುವ ಮುನ್ನ ಪ್ರತಿ ಫೋಟೋವನ್ನೂ ಅಷ್ಟಷ್ಟೇ ಎಳೆದು, ಚಂದ್ರನ ಅಂಚಿಗೆ ಚಂದ್ರನ ಅಂಚು ಕೂಡಿಸಬೇಕೆಂದು ಎಲ್ಲ ಆಚಾರ್ಯರೂ ಹೇಳುತ್ತಾರೆ. ಸ್ಟ್ಯಾಂಡ್ ಅಲ್ಲಾಡದಿದ್ದರೆ ಸಾಕು ಎಂಬುದು ಡೊಂಬಿವಲಿ ಪಂಥ. ಸದ್ಯಕ್ಕೆ ಈ ಪಂಥದ ಅನುಯಾಯಿ ಒಬ್ಬನೇ.

1:26ಕ್ಕೆ ಮೋಕ್ಷ. ಕೂಡಲೇ ಕಟ್ಟಡದ ಅರ್ಧ ಮನೆಗಳಲ್ಲಿ ನಳ ಬಿಟ್ಟ ಸದ್ದು. ಅವ್ವ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟಾವೆಲ್ ಸುತ್ತಿ ಬರುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಬಣವಿ ಸಿದ್ಧವಾಗಿತ್ತು. ಚಂದ್ರ, ಕುಂಕುಮದ ಕೈ ಗೋಡೆಗೆ ಒರೆಸಿದ ಹಾಗೆ ಉದ್ದಕ್ಕೆ ಎಳೆದುಕೊಂಡಿದ್ದ. ಆದರೆ ಶಾಸ್ತ್ರ ಸುಳ್ಳಾಗಿರಲಿಲ್ಲ. ಇದ್ದಲ್ಲೇ ಇದ್ದ ಟಾಕಿಯ ಮೇಲಿನ ರವೆ ಎಂಟನೆಯ ಒಂದಕ್ಕೆ ಇಳಿದು, ಎದುರಿನ ಟವರಿನ ದೀಪದ ಬೆಳಕಿನಲ್ಲಿ, ಒಂದೇ ಫೋಟೋದಲ್ಲಿ ಯಾರಿಗೂ ಕಾಣದಿದ್ದ ಬಣ್ಣಗೆಟ್ಟ ಮರಾಠಿ ಅಕ್ಷರಗಳು ಎದ್ದು ನಿಂತಿದ್ದವು: ‘ಟಾಕಿ ಧುತಲ್ಯಾಚಿ ತಾರೀಖ್ 12-3-2023.’

ಅವ್ವ ಚಷ್ಮಾ ಏರಿಸಿ ಎರಡು ಸಲ ಓದಿದಳು.

“ಎರಡೂವರಿ ವರ್ಷ ಆತಲ್ಲೋ ತೊಳದು! ಈಗ ನಾ ಸ್ನಾನ ಮಾಡಿದ್ದು ಇದೇ ನೀರಿಲೆ ಏನು?”